ಗಾಜಿನ ಬಾಗಿಲಿಗೆ ಹೋದ ಹಾಲು

ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಿದ್ದಾಳೆ. ಅಜ್ಜಿ ದಿನಾ ದೇವರ ಫೋಟೋ ಹಾಕಿ ಶುಭೋದಯ ಹೇಳಲಿ ಅಂತ ಅವಳ ಆಸೆ. ನಾನು ಬಯ್ಯಬೇಕಾದವರೇ ಬೇಕಾದಷ್ಟು ಜನ ಇದ್ದಾರೆ, ದೇವರ ಸರದಿ ಆಮೇಲೆ.

ಹುಣಸೂರಿನಲ್ಲಿ ಮೊದಲೆಲ್ಲ ದನಕ್ಕೆ ಕಾಯಿಲೆ ಅಂದರೆ ಸರ್ಕಾರಿ ಪಶು ಆಸ್ಪತ್ರೆಯೊಂದೇ ಗತಿ. ಡಾಕ್ಟರು ಬಂದು ಕಿವಿ ಮುಟ್ಟಿ, ಸಗಣಿ ನೋಡಿ, ಸೂಜಿ ಚುಚ್ಚಿ ಹೋಗುತ್ತಿದ್ದರು. ರಕ್ತವನ್ನೋ ಹಾಲನ್ನೋ ಪರೀಕ್ಷೆಗೆ ಕಳಿಸಿದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಹಸು ಹುಷಾರಾಗಿರುತ್ತಿತ್ತು, ಇಲ್ಲವೇ ಮಣ್ಣಾಗಿರುತ್ತಿತ್ತು. ಈಗ ನೋಡಿ, ಟೈರ್ ಅಂಗಡಿ ಇದ್ದ ಕಡೆ ಒಂದು ಲ್ಯಾಬು, ಬೇಕರಿ ಮುಚ್ಚಿದ ಕಡೆ ಇನ್ನೊಂದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲಿ ನೋಡಿದರೂ ನಾಯಿಕೊಡೆಗಳ ಹಾಗೆ ಎದ್ದಿವೆ. ಗಾಜಿನ ಬಾಗಿಲು, ಒಳಗೆ ಏಸಿ, ಹೊರಗೆ ‘ಹಸುಗಳಿಗೆ ಫುಲ್ ಬಾಡಿ ಚೆಕಪ್’ ಅಂತ ಬೋರ್ಡು. ನನ್ನ ಮಂಡಿ ಹಳೇ ಗಾಡಿ ಚಕ್ರದಂತೆ ಕಿರುಗುಟ್ಟುತ್ತಿದೆ, ನನಗೆ ಯಾರೂ ಅರ್ಧ ಬಾಡಿಯನ್ನೂ ಮಾಡಿಸಲಿಲ್ಲ.

ನಮ್ಮೂರು ಗುರುಪುರದ ಹತ್ತಿರ. ಡೇರಿ ಮುಂದೆ ನಿಂತು ಗಂಡು ಹೆಣ್ಣಿನ ಜಾತಕ ಹೊಂದಿಸುತ್ತಿದ್ದ ಗಂಡಸರು ಈಗ ಫೋನು ಹಿಡಿದು ಹಸುಗಳ ರಿಪೋರ್ಟು ಹೊಂದಿಸುತ್ತಾರೆ. ಆ ಗೀಳು ನನ್ನ ಮಗನಿಗೂ ಹತ್ತಿತು. ಹೊಸದಾಗಿ ಈದಿದ್ದ ಕೆಂದಹಸುವಿನ ಹಾಲನ್ನು ಹೆಂಡತಿಯ ಕೈಲಿ ಬಾಟಲಿಗೆ ತುಂಬಿಸಿಕೊಂಡು ಲ್ಯಾಬಿಗೆ ಹೋಗಿಬಂದ.

ಆ ಹಸು ನನ್ನ ಸೊಸೆಯದು. ಅವಳ ತವರು ಹಾರನಹಳ್ಳಿ ಕಡೆ. ಅವಳಪ್ಪ ಸಾಯುವ ಮುಂಚೆ ಕರುವನ್ನು ತಾನೇ ಹಿಡಿದು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ ಹೋಗಿದ್ದರು. ತವರಿನದು ಅಂತ ಅವಳಿಗೆ ಉಳಿದಿರುವುದು ಅದೊಂದೇ.

ಮಗನ ಫೋನಿಗೆ ರಿಪೋರ್ಟು ಬಂತು. ಅದರಲ್ಲೊಂದು ಕೆಂಪು ಗೆರೆ.

“ಅವ್ವ, ಒಳಗೊಳಗೇ ಕೆಚ್ಚಲು ಬಾವು ಅಂತೆ. ಮೇಲೆ ಕಾಣಾಕಿಲ್ವಂತೆ. ಬಾವಿದ್ರೆ ಆಲು ಉಪ್ಪಾಯ್ತದಂತೆ. ಆಲಲ್ಲಿ ಉಪ್ಪು ಜಾಸ್ತಿ ಅಂತ ಮಿಷನ್ನು ಕಂಡಿಡ್ದದೆ.”

“ಕೆಚ್ಚಲು ಊವಿನಂಗದೆ ಕಣ್ಲಾ. ನಿನ್ನ ಮಿಷನ್ನು ಅಸುನ ನೋಡ್ತಾ?”

“ಅದ್ಯಾಕವ್ವ ಅಸುನ ನೋಡ್ತದೆ? ಆಲು ನೋಡುದ್ರೆ ಸಾಕು.”

“ಅಂಗಾರೆ ನಿನ್ನ ಮದ್ವೇಲೂ ಎಣ್ಣು ನೋಡೋದು ಬುಟ್ಟು ಉಪ್ಪಿಟ್ಟು ತಿಂದೇ ಒಪ್ಕೊಂಡು ಬರ್ಬೋದಿತ್ತು!”

ನನ್ನ ಮಾತು ಯಾರಿಗೆ ಬೇಕು? ಮೊಲೆತೊಟ್ಟಿಗೆ ಔಷಧಿ ಏರಿಸಿದರು. ಔಷಧಿ ಮುಗಿಯುವ ತನಕ ಕರೆದ ಹಾಲನ್ನೆಲ್ಲ ತಿಪ್ಪೆಗೆ ಚೆಲ್ಲಿದೆವು. ಮತ್ತೆ ಬಾಟಲಿ ಹೋಯಿತು, ಮತ್ತೆ ಕೆಂಪು ಗೆರೆ ಬಂತು. “ಇದು ವಾಸಿಯಾಗೋ ಪೈಕಿ ಅಲ್ಲ, ಮಿಕ್ಕಿದ್ದ ಅಸುಗಳ್ಗೂ ಅಂಟ್ತದೆ” ಅಂದ ಮಗ ಮಿರ್ಲೆ ಕಡೆಯ ದನದ ದಲ್ಲಾಳಿಗೆ ಬರಹೇಳಿದ. ಸೊಸೆ ಕೊಟ್ಟಿಗೆಗೆ ಹೋಗಿ ಹಸುವಿನ ಕತ್ತಿನಡಿಯ ಗಂಗೆದೊಗಲು ಸವರುತ್ತಾ ನಿಂತಳು.

ನನಗೆ ತಡೆಯಲಿಲ್ಲ. ದಲ್ಲಾಳಿ ಬರುವ ದಿನ ಬೆಳಿಗ್ಗೆ, “ಕಡೇ ಸಲ ನಾನೇ ತಗೊಂಡೋಯ್ತೀನಿ, ಬಾರೇ” ಅಂತ ಸೊಸೆಯನ್ನು ಬಸ್ಸು ಹತ್ತಿಸಿದೆ. ಬಾಟಲಿ ಅವಳ ಸೆರಗಿನಲ್ಲಿತ್ತು.

ಲ್ಯಾಬಿನಲ್ಲಿ ಕೊಡಗಿನ ಎಸ್ಟೇಟಿನಿಂದ ಕಾರಿನಲ್ಲಿ ಬಂದ ನಾಯಿಯೊಂದು ಸ್ವೆಟರ್ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿತ್ತು. ಅದಕ್ಕೆ ಟೆನ್ಷನ್ ಅಂತೆ. ಮಂಡಿ ನೋವಿನ ನಾನು ನಿಂತಿದ್ದೆ.

ಲ್ಯಾಬಿನ ಹುಡುಗಿ ನಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತಳು.

“ಅಜ್ಜಿ, ತಳದಲ್ಲಿ ಇದೇನಿದು?”

ಬಗ್ಗಿ ನೋಡಿದೆ. ಕಡಲೆಗಾತ್ರದ ಕಲ್ಲುಪ್ಪು, ಇನ್ನೂ ಪೂರ್ತಿ ಕರಗಿರಲಿಲ್ಲ. ಸೊಸೆ ಮುಂದೆ ಬಂದಳು.

“ದೃಷ್ಟಿಗೆ ಕಣಕ್ಕ. ಈದ ಅಸಿನ ಆಲ ಸುಮ್ನೆ ಯಾರಿಗಾರ ಕೊಡ್ಬೇಕಾದ್ರೆ ನಮ್ಮವ್ವನ ಮನೇಲಿ ಒಂದ್ಕಲ್ಲು ಉಪ್ಪಾಕೇ ಕೊಡೋದು. ಇವತ್ತು ಭಯ ಆಗಿ ವಸಿ ದಪ್ಪದ್ದೇ ಆಕ್ದೆ.”

“ಹಿಂದಿನ ಸಲಾನೂ ಹಾಕಿದ್ರಾ?”

“ಎಲ್ಲಾ ಸಲಾನೂವೆ. ನೀವು ನೋಡಾಕೇ ಅಂತ ತಾನೆ ಈಸ್ಕೊಳೋದು? ಕಣ್ಣು ಬೀಳಾಕಿಲ್ವಾ?”

ನಾನು ಅವಳ ತೋಳು ಹಿಡಿದೆ. “ಡೇರಿ ಆಲ್ಗೂ ಆಕಿದ್ದೀಯೇನೇ?”

“ಅಯ್ಯೋ, ಇಲ್ಲ ಕಣತ್ತೆ. ಮಾರೋ ಆಲ್ಗೆ ಯಾವ ದೃಷ್ಟಿ?”

ನಾನು ಆ ಹುಡುಗಿಯ ಕಡೆ ತಿರುಗಿದೆ. “ಅಲ್ಲ ಕಣವ್ವ, ಇಷ್ಟು ದಿನ ಆಲ್ಗೆ ಏನಾರ ಆಕಿದ್ದೀರಾ ಅಂತ ಒಬ್ರಾದ್ರೂ ಕೇಳ್ಬಾರ್ದಾ?”

“ಮಿಷನ್ ಸರಿಯಾಗೇ ಹೇಳಿತ್ತಲ್ಲ ಅಜ್ಜಿ, ಉಪ್ಪು ಜಾಸ್ತಿ ಅಂತ!”

ಮಾತೇನೋ ನಿಜವೇ, ಅದಕ್ಕೇ ನನಗೆ ಇನ್ನೂ ಉರಿಯಿತು. ಉಪ್ಪು ಕಂಡ ಮಿಷನ್ನಿಗೆ ಅದು ಕೆಚ್ಚಲಿಂದ ಬಂತೋ ಅಡುಗೆಮನೆಯಿಂದ ಬಂತೋ ಬೇಕಿಲ್ಲ. ಮಿಷನ್ನು ಕಂಡ ನನ್ನ ಮಗನಿಗೆ ಕಣ್ಣೆದುರಿನ ಹಸು ಬೇಕಿಲ್ಲ. ಹಸುವಿಗೆ ಜೀವ ಬಿಡುವ ಸೊಸೆ ತಾನೇ ಅದನ್ನು ದಲ್ಲಾಳಿಯ ಕೈಗೆ ಕೊಡಲು ಹೊರಟಿದ್ದಾಳೆ. ಒಬ್ಬರಿಗಿಂತ ಒಬ್ಬರು ಜಾಣರು.

ಅಷ್ಟರಲ್ಲಿ ಮಗನ ಫೋನು. “ಅವ್ವ, ದಲ್ಲಾಳಿ ಬಂದವ್ನೆ. ಅಗ್ಗ ಬಿಚ್ಚಾನ ಅಂತಾವ್ನೆ.”

“ಬಿಚ್ಚುದ್ರೆ ಅದೇ ಗೂಟಕ್ಕೆ ನಿನ್ನ ಕಟ್ತೀನಿ! ಅವ್ನಿಗೆ ಕಾಪಿ ಕೊಟ್ಟು ಕಳ್ಸು!”

ನಾಯಿ ಕೂಡ ಬೆಚ್ಚಿಬಿತ್ತು. ಸೊಸೆ ಅಲ್ಲೇ ಗಾಜಿನ ಬಾಗಿಲಿಗೆ ಒರಗಿ ಅತ್ತುಬಿಟ್ಟಳು.

ಮಾರನೆಯ ಬೆಳಿಗ್ಗೆ ಹಾಲು ಕರೆದು, ಏನೂ ಹಾಕದೆ, ಬಾಟಲಿಯನ್ನು ಗಂಡನಿಗೆ ಕೊಟ್ಟಳು. ಆಮೇಲೆ ಒಳಗೆ ಓಡಿ ಒಂದು ಹಿಡಿ ಉಪ್ಪು ತಂದು, ಬೈಕ್ ಹತ್ತಿದ್ದವನ ತಲೆಗೇ ನಿವಾಳಿಸಿದಳು.

“ಇದೇನಮ್ಮೀ, ನನಗ್ಯಾಕೆ?”

“ಆಲ್ಗೆ ಆಕಂಗಿಲ್ವಲ್ಲ, ತಗೊಂಡೋಗೋರ್ಗಾರ ಇರ್ಲಿ.”

ಸಂಜೆ ಬಂದ ರಿಪೋರ್ಟಿನಲ್ಲಿ ಎಲ್ಲ ಗೆರೆಯೂ ಹಸಿರು. ಮಗ ತಾನೇ ಪರೀಕ್ಷೆ ಪಾಸಾದವನ ಹಾಗೆ ಡೇರಿ ಮುಂದೆ ಫೋನು ತೋರಿಸುತ್ತಾ ನಿಂತ. ಸೊಸೆ ಅದನ್ನು ನೋಡಲೂ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಕೂತು ಗೂಟದ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿಯುತ್ತಿದ್ದಳು.