ಖಾನಾಪುರದ ಖವಾ, ಬೀಗ ಹಾಕಿದ ಡಬ್ಬಿ

ಮುನ್ನೂರು ಗ್ರಾಂ ಎಂದೇ ನನ್ನ ನೆನಪು, ಆದರೆ ಅದು ಇನ್ನೂರೈವತ್ತೂ ಇದ್ದಿರಬಹುದು. ಆ ಅಂಕಿಯನ್ನು ಅಂಗಡಿಯ ಹಿಂಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟಿದ್ದೆ. ಆಮೇಲೆ ಬಾಗಿಲಿಗೆ ಬಣ್ಣ ಹೊಡೆಸಿದೆವು.

ಬೆಳಗಾವಿಯ ಕ್ಯಾಂಪ್‌ನಲ್ಲಿ ನಮ್ಮದೊಂದು ಸಣ್ಣ ಮಿಠಾಯಿ ಅಂಗಡಿ. ಪೇಢೆಗೆ ಬೇಕಾದ ಖವಾ ಖಾನಾಪುರದಿಂದ ಬರುತ್ತಿತ್ತು. ತರುತ್ತಿದ್ದವರು ಮಾಮಾ. ಸಂಬಂಧಿಕರಲ್ಲ, ಹದಿನೇಳು ವರ್ಷದಿಂದ ಅವ್ವನ ಕೈಕೆಳಗೆ ದುಡಿಯುತ್ತಿದ್ದ ನೌಕರರು. ಮುಂಜಾನೆ ಬಸ್ಸಿಗೆ ಹೋಗಿ, ಹತ್ತು ಗಂಟೆಯೊಳಗೆ ಇಪ್ಪತ್ತು ಕಿಲೋ ಹೊತ್ತು ಮರಳುತ್ತಿದ್ದರು.

ನಾನು ಅಂಗಡಿಯಲ್ಲಿ ಕೂರಲು ಶುರು ಮಾಡಿದ ವರ್ಷ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡೆವು. ಖಾನಾಪುರದ ವ್ಯಾಪಾರಿಯ ಚೀಟಿಯಲ್ಲಿ ಇದ್ದುದಕ್ಕಿಂತ ನಮ್ಮ ತಕ್ಕಡಿಯಲ್ಲಿ ದಿನವೂ ಆ ಮುನ್ನೂರೋ ಇನ್ನೂರೈವತ್ತೋ ಗ್ರಾಂ ಕಡಿಮೆ. ಸಣ್ಣ ಅಂಗಡಿಗಳಲ್ಲಿ ನೌಕರರ ಕಳ್ಳತನ ತಡೆಯುವ ಬಗ್ಗೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಮೊದಲು ಹಳೆಯ ನಂಬಿಗಸ್ಥರನ್ನು ನೋಡಿ ಎಂದು ಅದರಲ್ಲಿ ಹೇಳಿದರು. ನಮ್ಮಲ್ಲಿ ಇದ್ದವರು ಅವರೊಬ್ಬರೇ. ತನಿಖೆ ಬೇಗ ಮುಗಿಯಿತು.

ಬೀಗ ಹಾಕುವ ಸ್ಟೀಲ್ ಡಬ್ಬಿ ತಂದೆ. ಒಂದು ಕೀಲಿ ಖಾನಾಪುರದ ವ್ಯಾಪಾರಿಯ ಬಳಿ, ಇನ್ನೊಂದು ನನ್ನ ಬಳಿ. ಮಾಮಾ ಬೀಗವನ್ನು ತಿರುಗಿಸಿ ನೋಡಿದರು.

"ಛಲೋ ಆತು ಬಿಡು ತಂಗಿ. ಇನ್ನ ಬಸ್ಸಿನ್ಯಾಗ ನಿದ್ದಿ ಮಾಡಬಹುದು."

ಬೀಗ ಹಾಕಿದ ಡಬ್ಬಿಯಲ್ಲೂ ತೂಕ ಅಷ್ಟೇ ಕಡಿಮೆ ಬಂತು. ಮಾಮಾ ಮೂರನೆಯ ಕೀಲಿ ಮಾಡಿಸಿದ್ದಾರೆ ಎಂದುಕೊಂಡು ಒಂದು ದಿನ ನಾನೇ ಅವರ ಜೊತೆ ಹೋದೆ. ಬರುವಾಗ ಅವರು ಕಿಟಕಿಯ ಬದಿ ಕೂತಿದ್ದರು ಎಂದು ನೆನಪು. ಆದರೆ ಕಳ್ಳನೆಂದುಕೊಂಡವರಿಗೆ ಕಿಟಕಿ ಬಿಟ್ಟುಕೊಡುವಷ್ಟು ದಡ್ಡಿ ನಾನಾಗಿರಲಿಕ್ಕಿಲ್ಲ. ಡಬ್ಬಿ ಮಾತ್ರ ನನ್ನ ಕಾಲ ನಡುವೆಯೇ ಇತ್ತು. ಅಂಗಡಿಯಲ್ಲಿ ತೂಗಿದೆವು. ಕಡಿಮೆ.

"ಈಗ ಇಬ್ಬರ ಮ್ಯಾಲೂ ಸಂಶಯ ಬಂತಲ್ಲ," ಎಂದರು ಮಾಮಾ.

"ಹಂಗಾರ ಇಬ್ರೂ ಕಿಸೆ ಝಾಡಿಸ್ರಿ," ಎಂದಳು ಅವ್ವ, ಖವಾ ಸುತ್ತಿಬಂದಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕುತ್ತ.

ಆ ಬಟ್ಟೆಯನ್ನು ಅಂದೇ ಮುಂಜಾನೆ ಖಾನಾಪುರದಲ್ಲಿ ನೋಡಿದ್ದೆ. ವ್ಯಾಪಾರಿ ಅದನ್ನು ನೀರಲ್ಲಿ ಅದ್ದಿ, ಖವಾ ಸುತ್ತಿ, ಗಂಟನ್ನು ಹಾಗೆಯೇ ತೂಗಿ, ಬಟ್ಟೆಯದೆಂದು ನೂರು ಗ್ರಾಂ ಕಳೆದಿದ್ದರು. ಮೊದಲಿನಿಂದಲೂ ಅದೇ ರೂಢಿ. ಅವ್ವನ ರೂಢಿ ಬೇರೆ: ಬಟ್ಟೆ ಬಿಚ್ಚಿ, ಬರಿಯ ಖವಾ ತೂಗುವುದು. ಮರುದಿನ ಮತ್ತೆ ಹೋಗಿ ಒದ್ದೆ ಬಟ್ಟೆಯೊಂದನ್ನೇ ತೂಗಿಸಿದೆ. ಮುನ್ನೂರ ನಲವತ್ತು ಗ್ರಾಂ ಬಂತು. ನೂರು ಕಳೆದರೆ ಇನ್ನೂರ ನಲವತ್ತು. ಹದಿನೇಳು ವರ್ಷ ನಾವು ನೀರಿಗೂ ಖವಾದ ದರ ಕೊಟ್ಟಿದ್ದೆವು.

ಕಡಿಮೆ ಬರುತ್ತಿದ್ದದ್ದು ಮುನ್ನೂರೇ ಆಗಿದ್ದರೆ ಇನ್ನೂ ಅರವತ್ತು ಗ್ರಾಂ ಉಳಿಯಿತು. ಬಟ್ಟೆಗೆ ಮೆತ್ತಿಕೊಂಡಿದ್ದಿರಬಹುದು. ನಾಳೆ ತೊಳೆಯುವ ಮುಂಚೆ ಬಟ್ಟೆಯನ್ನು ನನಗೆ ಕೊಡು ಎಂದು ಅವ್ವನಿಗೆ ಹೇಳಿದೆ. ಮರುದಿನ ಹೋಗುವಷ್ಟರಲ್ಲಿ ಅದು ಹಗ್ಗದ ಮೇಲೆ ಒಣಗುತ್ತಿತ್ತು.

"ಮರತೆ," ಎಂದಳು. ಅವಳು ಏನನ್ನಾದರೂ ಮರೆತದ್ದನ್ನು ನಾನು ಬೇರೆಂದೂ ಕಂಡಿಲ್ಲ.

ಮಾಮಾನ ಮುಂದೆಯೇ ಡಬ್ಬಿಯ ಬೀಗ ತೆಗೆದಿಟ್ಟೆ.

"ಇರ್ಲಿ ಹಾಕು," ಎಂದರು ಅವರು. "ನಾಳೆ ಮತ್ತ ಕಮ್ಮಿ ಬಿದ್ರ ಬೀಗದ ಮಾರಿ ನೋಡಿಯಂತ, ನಂದು ಬ್ಯಾಡ."

ತಪ್ಪಾಯಿತು ಎನ್ನಬೇಕಿತ್ತು. ಚಹಾ ತರಿಸಿದೆ. ಅವರು ಕುಡಿದರು. ಎರಡು ತಿಂಗಳಾದ ಮೇಲೆ ಬರುವುದನ್ನು ಬಿಟ್ಟರು. ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಏರಲಾಗುವುದಿಲ್ಲ ಎಂದರು. ಆಮೇಲೊಮ್ಮೆ ಅವರು ಖಾನಾಪುರದ ಬಸ್ಸು ಹತ್ತುವುದನ್ನು ಕಂಡೆ. ಸರಾಗವಾಗಿಯೇ ಹತ್ತಿದ ಹಾಗೆ ಕಂಡಿತು, ಆದರೆ ನಾನಿದ್ದದ್ದು ರಸ್ತೆಯ ಆಚೆ ಬದಿಯಲ್ಲಿ.

ಅವರ ಮೊಣಕಾಲು ನಿಜವಾಗಿ ನೋಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಅರವತ್ತು ಗ್ರಾಂ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.