ಟೆಲಿಫೋನಿನ ದೊಡ್ಡ ಟಿ

ನಾನು ಕೆಲಸಕ್ಕೆ ಸೇರಿದ್ದು ಯಶವಂತಪುರದ ಒಂದು ಪಂಪ್ ಕಾರ್ಖಾನೆಗೆ, ಟೈಪಿಸ್ಟಾಗಿ. ಅರವತ್ತರ ದಶಕದ ಮೊದಲ ವರ್ಷಗಳವು. ಮತ್ತಿಕೆರೆಯ ನಮ್ಮ ಬೀದಿಯಿಂದ ಆಫೀಸಿಗೆ ಹೊರಟ ಮೊದಲ ಹುಡುಗಿ ನಾನೇ. ಹೂಕೋಸು ಬೆಳೆಯುತ್ತಿದ್ದ ಅಪ್ಪ ಟೈಪಿಂಗ್ ಕಲಿಯಲು ಬೇಡವೆನ್ನಲಿಲ್ಲ, ಆದರೆ ಕೆಲಸಕ್ಕೆ ಗಡುವು ಹಾಕಿದರು.

"ಆರ್ ತಿಂಗ್ಳು ನೋಡವ್ವ. ಖಾಯಂ ಮಾಡುದ್ರೆ ಸರಿ. ಇಲ್ದಿದ್ರೆ ಸಿಂಗಾಪುರದಾಗೆ ಒಂದು ಗಂಡೈತೆ, ಬಂದು ನೋಡ್ಕೊಂಡೋಗ್ಲಿ."

ಕಡಲಾಚೆಯ ಸಿಂಗಾಪುರವಲ್ಲ, ನಮ್ಮ ಪಕ್ಕದ ಹಳ್ಳಿ. ಅಲ್ಲಿಯ ಗಂಡನ್ನು ನಾನು ದೂರದಿಂದ ನೋಡಿದ್ದೆ. ಅಂದಿನಿಂದ ನನಗೆ ಟೈಪ್‌ರೈಟರಿನ ಮೇಲೆ ವಿಪರೀತ ಭಕ್ತಿ ಹುಟ್ಟಿತು.

ಆಫೀಸಿನಲ್ಲಿ ನಾವು ಮೂರೇ ಜನ. ಗಾಜಿನ ತಡಿಕೆಯಾಚೆ ಮ್ಯಾನೇಜರು. ಹೊಸಬರು, ವಯಸ್ಸು ಚಿಕ್ಕದು, ಮೂಗಿನ ತುದಿಯಲ್ಲಿ ಸಿಟ್ಟು. ಈಚೆ ನಾನು ಮತ್ತು ಕರಿ ಕೋಟಿನ ಹೆಡ್ ಕ್ಲಾರ್ಕು. ಇವರು ನಿವೃತ್ತಿಗೆ ಹತ್ತಿರವಾಗಿದ್ದವರು. ಟೆಲಿಫೋನ್ ಇವರ ಮೇಜಿನ ಮೇಲಿತ್ತು, ಕೆಳಗೊಂದು ಕಸೂತಿ ಬಟ್ಟೆ. ಅದು ಟ್ರಿಣ್ ಎಂದರೆ ಸಾಕು, ಇವರು ಚಪ್ಪಲಿ ಬಿಡುವರು, ಎದ್ದು ನಿಲ್ಲುವರು, ಕೋಟಿನ ಗುಂಡಿ ಹಾಕುವರು, ಆಮೇಲೆ ರಿಸೀವರ್ ಎತ್ತುವರು. ಮಾತು ಮುಗಿಯುವವರೆಗೂ ನಿಂತೇ ಇರುವರು. ಮೊದಲ ವಾರವೆಲ್ಲ ನಾನು ಸೆರಗು ಬಾಯಿಗೆ ಒತ್ತಿಕೊಂಡೇ ಕಳೆದೆ.

ನಗು ನಿಂತದ್ದು ಎರಡನೆಯ ವಾರ. ಹೆಡ್ ಕ್ಲಾರ್ಕರು ಇಂಗ್ಲಿಷಿನಲ್ಲಿ ಕಾಗದದ ಕರಡು ಬರೆದು ಕೊಟ್ಟರೆ ನಾನು ಟೈಪ್ ಮಾಡಬೇಕು, ಮ್ಯಾನೇಜರು ಸಹಿ ಹಾಕಬೇಕು. ಕರಡಿನಲ್ಲಿ ಟೆಲಿಫೋನ್, ಟೆಲಿಗ್ರಾಂ, ಟ್ರಂಕ್ ಕಾಲ್ ಎಲ್ಲಕ್ಕೂ ಮೊದಲ ಅಕ್ಷರ ದೊಡ್ಡದು. ಇದ್ದ ಹಾಗೆಯೇ ಟೈಪ್ ಮಾಡಿದೆ. ಮ್ಯಾನೇಜರು ಕೆಂಪು ಶಾಯಿಯಲ್ಲಿ ಎಲ್ಲಕ್ಕೂ ಸುತ್ತು ಹಾಕಿದರು.

"ಏನ್ರೀ ಇದು? ದೊಡ್ಡಕ್ಷರ ಊರಿಗೆ, ಮನುಷ್ಯರ ಹೆಸರಿಗೆ. ನಾಳೆ ಟೇಬಲ್ಲು, ಚೇರಿಗೂ ಹಾಕ್ತೀರಾ? ಪೂರ್ತಿ ಹೊಸದಾಗಿ ಮಾಡಿ. ಎಷ್ಟು ಕಾಗದ ಎರಡೆರಡು ಸಲ ಟೈಪ್ ಆಯ್ತು ಅಂತ ಬರೆದಿಟ್ಟಿರ್ತೀನಿ. ಖಾಯಂ ಮಾಡೋವಾಗ ನೋಡ್ಬೇಕಲ್ಲ."

ಮಾರನೆಯ ದಿನ ಚಿಕ್ಕಕ್ಷರ ಹಾಕಿದೆ. ಹೆಡ್ ಕ್ಲಾರ್ಕರು ಕಾಗದವನ್ನು ಒಳಗೆ ಕಳಿಸಲೇ ಇಲ್ಲ. "ನಾನು ಬರ್ದಿದ್ದು ಹೀಗಲ್ಲಮ್ಮ" ಎಂದು ಮೆತ್ತಗೆ ವಾಪಸು ಕೊಟ್ಟರು. ಕಾರ್ಬನ್ ಸೇರಿ ನಾಲ್ಕು ಪ್ರತಿ. ಒಂದಕ್ಷರ ತಪ್ಪಿದರೂ ನಾಲ್ಕೂ ಕಸದಬುಟ್ಟಿಗೆ. ಮೊದಲು ಇವರಿಗಾಗಿ ದೊಡ್ಡದು, ಮ್ಯಾನೇಜರು ಸುತ್ತು ಹಾಕಿದ ಮೇಲೆ ಚಿಕ್ಕದು, ಹೀಗೆಯೇ ತಿಂಗಳುಗಳು ಉರುಳಿದವು. ಇಬ್ಬರು ಗಂಡಸರು ಒಂದು ಟಿಗೆ ಹಟ ಹಿಡಿದು ಕೂತರೆ ಸಿಂಗಾಪುರಕ್ಕೆ ಹೋಗಬೇಕಾದವಳು ನಾನು! ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ತಡೆಯಲಾರದೆ ಕೇಳಿಯೇ ಬಿಟ್ಟೆ. "ಅದೇನ್ ಸಾರ್, ಟೆಲಿಫೋನ್ ನಿಮ್ಮ ಮಾವನವರಾ?"

ಅವರು ಬೇಸರಪಡಲಿಲ್ಲ. ಟೆಲಿಫೋನ್ ಬರುವ ಮುಂಚೆ ಒಬ್ಬ ಕೆಲಸಗಾರನ ಕೈ ಯಂತ್ರಕ್ಕೆ ಸಿಕ್ಕಿತಂತೆ. ಇವರೇ ಸೈಕಲ್ ತುಳಿದು ಡಾಕ್ಟರನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿತ್ತು, ಕೈ ಉಳಿಯಲಿಲ್ಲ. ಟೆಲಿಫೋನ್ ಬಂದ ಮೇಲೆ ಇನ್ನೊಬ್ಬನಿಗೆ ಹಾಗೆಯೇ ಆಯಿತು. ಇವರು ಕರೆ ಮಾಡಿದ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಗಾಡಿ ಬಂತು. ಅವನು ಈಗಲೂ ಅದೇ ಕೈಯಲ್ಲಿ ಕೆಲಸ ಮಾಡುತ್ತಿದ್ದ.

"ಕನ್ನಡದಲ್ಲಾದ್ರೆ ಬಹುವಚನ ಹಚ್ತಿದ್ದೆ. ಇಂಗ್ಲಿಷಲ್ಲಿ ಮರ್ಯಾದೆ ಕೊಡೋಕೆ ಇರೋದು ಇದೊಂದೇ ಅಲ್ವೇನಮ್ಮ?" ಎಂದರು. ಆ ಮಧ್ಯಾಹ್ನದ ಕಾಗದಕ್ಕೆ ನಾನು ದೊಡ್ಡ ಟಿಯನ್ನೇ ಹೊಡೆದೆ. ಆದರೂ ಸಂಜೆ ಮತ್ತೆ ನಾಲ್ಕು ಪ್ರತಿ ಹೊಸದಾಗಿ ಕುಟ್ಟಬೇಕಾಗಿ ಬಂದಾಗ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

ಆರನೆಯ ತಿಂಗಳಲ್ಲಿ ಟೆಲಿಫೋನ್ ಸತ್ತುಹೋಯಿತು. ಹೆಡ್ ಕ್ಲಾರ್ಕರು ಬೆಳಗೆದ್ದು ಬಂದವರೇ ಕಿವಿಗಿಟ್ಟು ನೋಡುವರು, ತಲೆಯಾಡಿಸಿ ಇಡುವರು. ಮೂರನೆಯ ದಿನ ಮ್ಯಾನೇಜರ ಹೆಂಡತಿಯನ್ನು ಹೆರಿಗೆಗೆಂದು ಮಲ್ಲೇಶ್ವರದ ಆಸ್ಪತ್ರೆಗೆ ಸೇರಿಸಿದ್ದರು. ಅದೇ ದಿನ ಹೆಡ್ ಆಫೀಸಿನವರು ತಪಾಸಣೆಗೆ ಬಂದು ಕೂತಿದ್ದರಿಂದ ಮ್ಯಾನೇಜರು ಕಾರ್ಖಾನೆ ಬಿಟ್ಟು ಕದಲುವಂತಿರಲಿಲ್ಲ. ಪಾಪ, ಮಾತಿನ ಮಧ್ಯೆ ಮಧ್ಯೆ ಎದ್ದು ಬಂದು ಆ ಸತ್ತ ರಿಸೀವರನ್ನು ಎತ್ತಿ ನೋಡುತ್ತಿದ್ದರು. ಅವರು ಮೂರು ಸಲ ಹಾಗೆ ಮಾಡಿದ ಮೇಲೆ ಹೆಡ್ ಕ್ಲಾರ್ಕರು ಯಾರಿಗೂ ಹೇಳದೆ ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ, ಕೋಟು ಹಾಕಿಕೊಂಡೇ ಆ ಬಿಸಿಲಲ್ಲಿ ಸೈಕಲ್ ತುಳಿಯುತ್ತಿದ್ದರು.

ಹೆಡ್ ಆಫೀಸಿನವರು ಹೊರಟ ಹೊತ್ತಿಗೆ ಹೆಡ್ ಕ್ಲಾರ್ಕರು ಬೆವರಿನಲ್ಲಿ ತೊಯ್ದು ವಾಪಸು ಬಂದರು. "ಹೆಣ್ಣು ಮಗು ಸಾರ್. ಇಬ್ಬರೂ ಚೆನ್ನಾಗಿದಾರೆ. ಮಗು ಅತ್ತಿದ್ದು ಆಸ್ಪತ್ರೆ ಗೇಟಿನವರೆಗೂ ಕೇಳಿಸ್ತು!"

ಮ್ಯಾನೇಜರು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, ಆಸ್ಪತ್ರೆಗೆ ಹೊರಡುವ ಮುಂಚೆಯೇ ಟೆಲಿಫೋನ್ ಕೆಟ್ಟಿದೆಯೆಂದು ಒಂದು ದೂರು ಬರೆಸಿಬಿಡುತ್ತೇನೆ ಎಂದರು. ಮೊದಲ ಸಾಲಿನಲ್ಲೇ ಆ ಪದ ಬಂತು. ನಾನು ಕೈ ಎತ್ತಿದೆ.

"ದೊಡ್ಡದೋ ಚಿಕ್ಕದೋ ಈಗ್ಲೇ ಹೇಳ್ಬಿಡಿ ಸಾರ್. ಇನ್ನೊಂದ್ಸಲ ನಾನು ಟೈಪ್ ಮಾಡಲ್ಲ."

"ಅವರನ್ನೇ ಕೇಳಿ" ಎಂದರು ಮ್ಯಾನೇಜರು.

ಹೆಡ್ ಕ್ಲಾರ್ಕರು ಕಸೂತಿ ಬಟ್ಟೆಯ ಮೇಲಿನ ಟೆಲಿಫೋನನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಇಂಥ ಹೊತ್ತಲ್ಲಿ ಕೈಕೊಟ್ಟಿತಲ್ಲ, ಇದಕ್ಕೇನ್ ಮರ್ಯಾದೆ? ಚಿಕ್ಕದೇ ಹಾಕಮ್ಮ. ರಿಪೇರಿ ಆಗ್ಲಿ, ಆಮೇಲೆ ನೋಡೋಣ."

ಆಫೀಸಿನಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಆ ತಿಂಗಳ ಕೊನೆಗೆ ನನ್ನ ಖಾಯಂ ಕಾಗದ ಬಂತು. ಕೆಳಗೆ ಮ್ಯಾನೇಜರು ಸ್ವಂತ ಕೈಯಲ್ಲಿ, ಈ ಹುಡುಗಿಯ ಟೈಪಿಂಗ್ ಚೆನ್ನಾಗಿದೆ, ಟೆಲಿಫೋನಿನ ದೂರನ್ನು ಒಂದೇ ಸಲಕ್ಕೆ ತಪ್ಪಿಲ್ಲದೆ ಟೈಪ್ ಮಾಡಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಟೆಲಿಫೋನಿನ ಟಿ ಮೇಲಿನ ಸಾಲನ್ನು ಮುಟ್ಟುವಷ್ಟು ದೊಡ್ಡದಾಗಿತ್ತು.

ಮನೆಯಲ್ಲಿ ಅಪ್ಪ ಕೈ ತೊಳೆದು ಬಂದು ಕಾಗದ ಹಿಡಿದುಕೊಂಡರು. ಅವರಿಗೆ ಇಂಗ್ಲಿಷ್ ಬಾರದು. ಬೆರಳು ನೇರವಾಗಿ ಆ ಟಿ ಮೇಲೆ ಹೋಯಿತು.

"ಇದ್ಯಾಕವ್ವ ಇಷ್ಟ್ ದೊಡ್ದಾಗೈತೆ? ನಿನ್ ಎಸ್ರಾ?"

"ಅಲ್ಲಪ್ಪ, ಟೆಲಿಫೋನಿಂದು."

"ಖಾಯಂ ಅಂತ ಎಲ್ ಬರ್ದವ್ರೆ?"

ತೋರಿಸಿದೆ. ಓದಲು ಬಾರದಿದ್ದರೂ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಕಾಗದವನ್ನು ಜೋಪಾನವಾಗಿ ಮಡಿಸಿ ನನ್ನ ಕೈಗಿಟ್ಟು ಎದ್ದರು.

"ಆ ಗಂಡಿನ್ ಕಡ್ಯೋರು ನಾಳೆ ಬತ್ತೀವಿ ಅಂದಿದ್ರು. ಬ್ಯಾಡ ಅಂತ ಏಳ್ಬುಟ್ಟು ಬತ್ತೀನಿ."

ಸಿಂಗಾಪುರದಲ್ಲಿ ಆಗ ಟೆಲಿಫೋನ್ ಇರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೊರಟರು.