ಫ್ಯಾನು ನಿಂತ ಮನೆ

ಗೆಳೆಯರೇ, ಇವತ್ತು ಬೆಳಿಗ್ಗೆ ವಿಜಾಪುರ ರಸ್ತೆಯ ಬಂಗಲೆಯೊಂದರ ಬೇವಿನ ಮರದಲ್ಲಿ, ಕರೆಂಟಿನ ವಾಯರ್ ತಾಗಿದ ಕಡೆಯಲ್ಲೆಲ್ಲ ಎಲೆಗಳು ಸುಟ್ಟು ಕಪ್ಪಾಗಿದ್ದವು. ಮರದ ಟೊಂಗೆ ಸವರುವುದು ನಮ್ಮ ಮನೆಯ ಉದ್ಯೋಗ. ಅಪ್ಪ ಅಕ್ಕಲಕೋಟೆಯಲ್ಲಿ ಇನ್ನೊಂದು ಕೆಲಸದ ಮೇಲಿದ್ದರು, ಇಲ್ಲಿ ನಾನಿದ್ದೆ.

"ಲೈನ್‌ಮನ್‌ಗ ಕರೀರಿ, ಕಂಬದಾಗ ಬಂದ್ ಆಗಬೇಕ್ರಿ," ಎಂದೆ.

ಮಾಲೀಕರು ನಕ್ಕರು. "ಮೇನ್ ಸ್ವಿಚ್ ಬಂದ್ ಮಾಡೇನವಾ. ಮನ್ಯಾಗ ಫ್ಯಾನೇ ನಿಂತೈತಿ, ವಾಯರ್‌ದಾಗ ಕರೆಂಟ್ ಎಲ್ಲಿಂದ ಬರ್ತೈತಿ?"

ಈ ವಾಯರ್ ಕಂಬದಿಂದ ನೇರ ಮೀಟರಿಗೆ ಬರುತ್ತದೆ, ನಿಮ್ಮ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಮೆಲ್ಲಗೆ ವಿವರಿಸುವಷ್ಟರಲ್ಲಿ, ನಮ್ಮಲ್ಲಿ ಮರ ಹತ್ತುವ ಬೀರಪ್ಪ ಕಾಕಾ ಬೇವಿಗೆ ಕೈಮುಗಿದು, "ತಪ್ಪಾತು ನಮ್ಮವ್ವಾ," ಎಂದು ಹತ್ತಿಬಿಟ್ಟಿದ್ದರು. ವಾಯರ್ ಇಲ್ಲದ ಕಡೆಯ ಟೊಂಗೆಗಳನ್ನು ಕಡಿದು ಮುಗಿಸಿ, ಈಚೆ ಬಂದು ವಾಯರ್ ಸರಿಸಲು ಕೈ ಹಾಕಿದರು.

ಕೊಡಲಿ ಕೆಳಗೆ ಬಿತ್ತು. ಕಾಕಾ ಸೊಂಟದ ಹಗ್ಗಕ್ಕೆ ಜೋತುಬಿದ್ದರು. ಇಳಿಸಿಕೊಂಡಾಗ ಅಂಗೈ ಬೆಂದುಹೋಗಿತ್ತು.

"ಬಲಗೈ ಐತೋ ಇಲ್ಲೋ ನೋಡವಾ, ನನಗ ತಿಳಿವಲ್ದು," ಎಂದರು.

ಈಗ ದವಾಖಾನೆಯಲ್ಲಿದ್ದಾರೆ. ಬೆರಳುಗಳು ಉಳಿಯುತ್ತವೋ ಇಲ್ಲವೋ ಎಂದು ಡಾಕ್ಟರು ಇನ್ನೂ ಹೇಳಿಲ್ಲ.

ಸಂಜೆ ಅಪ್ಪ ಮನೆಗೆ ಮರಳಿದಾಗ ಮಾಲೀಕರು ಫೋನ್ ಮಾಡಿದರು. "ಜೀವಕ್ಕೇನೂ ಆಗಿಲ್ಲಲ್ಲ? ಹಂಗಾರ ಉಳದ ಟೊಂಗಿ ನಾಳಿ ಮುಗಿಸಿಬಿಡ್ರಿ. ಅರ್ಧಾ ಮರ ಭಾಳ ಕೆಟ್ಟ ಕಾಣತೈತಿ."

ಅಪ್ಪ "ಆತ್ರಿ" ಎಂದರು. ಮರ ಹತ್ತಲು ಬೇರೊಬ್ಬರಿಗೆ ಬರಲು ಹೇಳಿಯೂ ಆಯಿತು.

ಹಗ್ಗ, ಕೊಡಲಿ ಎಲ್ಲ ಇರುವ ನಮ್ಮ ಗಾಡಿಯ ಕೀಲಿ ನನ್ನ ದಿಂಬಿನ ಕೆಳಗಿದೆ. ಲೈನ್‌ಮನ್ ಬಂದು ಕಂಬದಲ್ಲಿ ಕರೆಂಟ್ ತೆಗೆಯುವವರೆಗೆ ಅಪ್ಪನ ಪಾಲಿಗೆ ಅದು ಕಳೆದುಹೋಗಿಯೇ ಇರುತ್ತದೆ.